ಹಾಲಿನ್ಯಾಗ ಕೊಟ್ಟ ಗುಳಿಗಿ

ಗುಡಗೇರಿ,
ತಾ. 14-11-2024

ಪ್ರೀತಿಯ ಅವ್ವಾ,

ನಿನ್ನ ಸಣ್ಣ ಮಗ ಕುಬೇರಪ್ಪ ಮಾಡೂ ಶರಣು. ಮೊಣಕಾಲ ನೋವು ಹೆಂಗೈತಿ? ಥಂಡಿ ಸುರು ಆತು, ಮುಂಜಾನಿ ಎದ್ದ ಕೂಡ್ಲೆ ಹೊರಗ ಓಡಬ್ಯಾಡ, ಬಿಸಲ ಬಿದ್ದ ಮ್ಯಾಲ ಕಟ್ಟಿಗೆ ಬಂದ ಕೂಡು. ಕಣ್ಣಿಗೆ ಹಾಕೂ ಔಷಧ ಮುಗದಿದ್ರ ಅಣ್ಣಗ ಹೇಳು. ಆಂವ ಒಂದ ಸಲಕ್ಕ ಬರೇ ಹೂಂ ಅಂತಾನ, ತಿರುಗಿ ಇನ್ನೊಂದ ಸಲ ಹೇಳು. ಅಲ್ಲಿ ತಿರ್ಲಾಪುರದಾಗ ಹತ್ತಿ ಬಿಡಸಾಕ ಸುರು ಆಗಿರ್ಬೇಕು. ನೀ ಉಡಿ ಕಟಗೊಂಡು ಹೊಲಕ್ಕ ಹೋಗಿ ಆಳುಗಳಿಗೆ ಕೆಲಸಾ ಕಲಸಬ್ಯಾಡ, ಪಾಪ, ಅವರಿಗೆ ಬರತೈತಿ. ಇದನ್ನೆಲ್ಲಾ ಫೋನಿನ್ಯಾಗ ಹೇಳೋಣಂದ್ರ ನಿನಗ ಕೇಳಸೂದಿಲ್ಲ. ಹ್ವಾದ ವಾರ 'ಆರಾಮ ಆಗೇನಿ' ಅಂತ ನಾ ಒದರಿದ್ದು ಸ್ಟೇಶನ್ನಿನ್ಯಾಗ ಗಾಡಿ ಕಾಯೂ ಮಂದಿಗೆಲ್ಲಾ ಕೇಳೇತಿ, ನಿನಗೊಬ್ಬಾಕಿಗೆ ಕೇಳಿಲ್ಲ. ಈಗ ಅವರೆಲ್ಲಾ ನನ್ನ ಅಂಗಡಿಗೆ ಭಜಿ ತಗೊಳ್ಳಾಕ ಬಂದಾಗ ನನ್ನ ಆರೋಗ್ಯ ವಿಚಾರಸತಾರ. ಅದಕ್ಕ ಸಾಲ್ಯಾಗ ನಾಕನೇತ್ತಾದಾಗ ಕಲತ ಅಕ್ಷರ ಹೊರಗ ತಗದೇನಿ. ತುಕ್ಕ ಹಿಡದಾವು, ಸಾವಕಾಶ ಓದು.

ನಾ ಆರಾಮ ಆಗಿದ್ದು ಖರೇನ ಯವ್ವಾ, ನಿನ್ನ ಸಮಾಧಾನಕ್ಕ ಹೇಳಾಕತ್ತಿಲ್ಲ. ನಿನ್ನಿ ನಾನೂ ರೋಹಿಣಿನೂ ಕುಂದಗೋಳಕ್ಕ ಹೋಗಿ ರಗತದ ರಿಪೋರ್ಟ ತೋರಿಸಿಕೊಂಡ ಬಂದ್ವಿ. ಮೈತ್ರೇಯಿ ಡಾಕ್ಟರಬಾಯಿ ಅದನ್ನ ಎರಡೆರಡ ಸಲ ನೋಡಿ, 'ಕುಬೇರಪ್ಪ, ಈಗ ಎಲ್ಲಾ ಸರಿ ಕೂಡಿ ಬಂತು ನೋಡ್ರಿ, ಇನ್ನ ಇದ ಗುಳಿಗಿ ನಡೀಲಿ' ಅಂದ್ರು. ನಾ 'ಜಾತಕ ಕೂಡಿದಂಗ ಆತಲ್ರಿ ಬಾಯಾರ, ಈ ವಯಸ್ಸಿನ್ಯಾಗ ಇನ್ನೊಂದ ಮದವಿ ಮಾಡಸ್ತೀರೇನು' ಅಂದ್ನಿ. ಅವರು ನಕ್ಕರು. ಬಾಜೂಕ ಕುಂತ ನಿನ್ನ ಸೊಸಿನೂ ನಕ್ಕಳು. ಆಕಿ ನಕ್ಕಿದ್ದ ನೋಡಿ ಎಷ್ಟ ದಿವಸಾಗಿತ್ತು ಅನ್ನೂದು ನನಗ ಆವಾಗ ತಿಳೀತು. ನೀ ಬಸವ ಜಯಂತಿ ಮರುದಿವಸ ಆಕಿ ಮ್ಯಾಲ ಸಿಟ್ಟಾಗಿ ಅಣ್ಣನ ಕಡೆ ಹೋದಿ ನೋಡು, ಆವತ್ತಿನಿಂದ ಮನ್ಯಾಗ ಯಾರೂ ಸರಿಯಾಗಿ ನಕ್ಕಿಲ್ಲ. ನಿನಗ ಅರ್ಧಾ ಕಥಿ ಗೊತ್ತೈತಿ. ಉಳದ ಅರ್ಧಾ ಹೇಳಾಕ ಈ ಪತ್ರ.

ನನ್ನ ಬ್ಯಾನಿ ಮೊದ್ಲ ಗುರ್ತ ಹಿಡದಾಕಿ ನೀನ. ಸಂಕ್ರಾಂತಿಗೆ ಎಳ್ಳು ಕೊಡುವಾಗ ನನ್ನ ಮಾರಿ ದಿಟ್ಟಿಸಿ ನೋಡಿ 'ಕುಬೇರಾ, ನಿನ್ನ ತುಟಿ ಯಾಕ ತಡಾ ಮಾಡಿ ಅಳ್ಳಾಡಾಕತ್ತಾವು' ಅಂದಿ. ನೀ ತುಟಿ ನೋಡಿ ಮಾತ ತಿಳಕೊಳ್ಳಾಕಿ, ನಿನಗ ತಿಳೀತು, ಕಿವಿ ನೆಟ್ಟಗಿದ್ದ ಮಂದಿ ಯಾರಿಗೂ ತಿಳೀಲಿಲ್ಲ. ಅವರೆಲ್ಲಾ ಕುಬೇರಪ್ಪಗ ಮೈ ಬಂದೈತಿ, ಮಾಡಿದ ಭಜಿ ತಾನ ತಿಂತಾನ ಅಂತಿದ್ರು. ನೀ ಹಟಾ ಹಿಡದ ಕಳಸಿದ್ದಕ್ಕ ನಾ ದವಾಖಾನಿ ಮೆಟ್ಟಲ ಹತ್ತಿದ್ದು. ಅಲ್ಲಿ ಕುಂತ ಕಾಯೂ ಬಾಕಿನ ಮ್ಯಾಲ ಪೂರಾ ಹೆಣಮಕ್ಕಳು. ಒಬ್ಬಾಕಿ 'ಯಾರನ್ನ ಕರ್ಕೊಂಡ ಬಂದೀರಿ ಕಾಕಾ' ಅಂದ್ಳು. 'ನನ್ನನ್ನ ಕರ್ಕೊಂಡ ಬಂದೇನಿ ತಂಗಿ, ಒಬ್ಬಾಂವನ್ನ ಮನ್ಯಾಗ ಬಿಟ್ಟ ಬರಾಕ ಧೈರ್ಯ ಆಗಲಿಲ್ಲ' ಅಂದ್ನಿ. ರಗತ ತಪಾಸ ಮಾಡಿ ಡಾಕ್ಟರಬಾಯಿ ಥೈರಾಯ್ಡ್ ಅಂದ್ರು. ಗಂಟಲ ಮುಂದ ಒಂದ ಗ್ರಂಥಿ ಇರತೈತಂತ, ಅದು ಮೈಯೊಳಗಿನ ಒಲಿ ಇದ್ದಂಗ, ನಂದು ಆರಾಕತ್ತೈತಿ, ದಿನಾ ಒಂದ ಗುಳಿಗಿ ಅಂದ್ರ ಒಲಿಗೆ ಕಟಗಿ ಹಾಕಿದಂಗ ಅಂತ ನನ್ನ ಭಾಷಾದಾಗ ತಿಳಿಸಿ ಹೇಳಿದ್ರು. ಮುಂಜಾನಿ ಖಾಲಿ ಹೊಟ್ಟೀಲೆ ತಗೋರಿ ಅಂತ ಮೂರ ಸಲ ಹೇಳಿದ್ರು. ನಾ ಮೂರ ಸಲ ಗೋಣ ಹಾಕಿದ್ನಿ.

ಮನಿಗೆ ಬಂದ ಮ್ಯಾಲ ಆಗಿದ್ದು ನಿನಗ ನೆನಪ ಇರ್ಬೇಕು. ಇಂಗ್ಲಿಷ ಗುಳಿಗಿ ಉಷ್ಣ ಇರ್ತಾವು, ಖಾಲಿ ಹೊಟ್ಯಾಗ ನೀರಿನ್ಯಾಗ ತಗೊಂಡ್ರ ಕರಳ ಸುಡತಾವು, ಹಾಲಿನ್ಯಾಗ ಕೊಡು ಅಂತ ನೀ ರೋಹಿಣಿಗೆ ಹೇಳಿದಿ. ಆಕಿ ನೀ ಹೇಳಿದ್ದ ಒಂದ ದಿವಸಾನೂ ತಪ್ಪಿಸಲಿಲ್ಲ. ನನ್ನ ಜಳಕ, ಲಿಂಗಪೂಜಿ ಮುಗಿಯೂದ ತಡಾ, ನಿನ್ನ ಎಮ್ಮಿ ಚಂದ್ರಿ ಹಾಲು, ಕೆನಿ ಸಮೇತ, ತುಂಬ ಒಂದ ಗಿಲಾಸ, ಬಾಜೂಕ ಗುಳಿಗಿ. ಅದು ಖಾಲಿ ಹೊಟ್ಟಿ ಅಲ್ಲ ಅನ್ನೂದು ನಮ್ಮ ಮೂವರ ತಲ್ಯಾಗೂ ಬರಲಿಲ್ಲ. ಹೆಂಗ ಬಂದೀತು? ಶ್ರಾವಣ ಸೋಮವಾರ ಉಪಾಸ ಇದ್ದವರು ಹಾಲ ಕುಡದ್ರ ಉಪಾಸ ಮುರಿಯೂದಿಲ್ಲ ಅಂದ ಮ್ಯಾಲ ಹಾಲು ಊಟದ ಲೆಕ್ಕದಾಗ ಹೆಂಗ ಬರತೈತಿ?

ಮುಂದ ನೀನ ನೋಡಿದ್ಯಲ್ಲ. ಗುಳಿಗಿ ಸುರು ಮಾಡಿದ್ರೂ ನಾ ಇದ್ದಲ್ಲೇ ಇದ್ನಿ. ಡಾಕ್ಟರಬಾಯಿ ಐವತ್ತರ ಗುಳಿಗಿ ಬಿಡಿಸಿ ಇನ್ನ ಜೋರಿನ ಎಪ್ಪತ್ತೈದರದ್ದ ಕೊಟ್ರು, ಅದಕ್ಕೂ ಬಗ್ಗಲಿಲ್ಲ. ಥಂಡಿ ಊರ ಮಂದೀನ್ನೆಲ್ಲಾ ಬಿಟ್ಟ ಹೋತು, ನನ್ನ ಬಿಟ್ಟ ಹೋಗಲಿಲ್ಲ. ಯುಗಾದಿ ಬಿಸಲಿನ್ಯಾಗ ರೇಲ್ವೆ ಹಳಿ ಕಾದ ಕೆಂಪಗಾಗೂ ಹೊತ್ತಿನ್ಯಾಗ ನಾ ಕುದಿಯೂ ಎಣ್ಣಿ ಮುಂದ ಸ್ವೆಟರ ಹಾಕ್ಕೊಂಡು, ಕಿವಿಗೆ ಮಫ್ಲರ ಸುತಗೊಂಡು ಮಿರ್ಚಿ ಬಿಡತಿದ್ನಿ. ಬಾಜೂಕಿನ ಟೇಲರ ಮೀರಾಸಾಬ 'ಲೇ ಕುಬೇರಾ, ಕಡಾಯಿಯೊಳಗ ಇಳದ ಕೂಡಲೇ, ಬೆಚ್ಚಗ ಆದೀತು' ಅಂತಿದ್ದ. ಮೊದ್ಲಿನ ಕುಬೇರಪ್ಪ ಆಗಿದ್ರ ಅಲ್ಲೇ ಅವಗ ತಿರುಗಿ ಒಂದ ಕೊಡತಿದ್ದ. ನನಗ ಜವಾಬು ಹೊಳೀತಿತ್ತು, ಖರೆ, ಮರುದಿವಸ ಮುಂಜಾನಿ ಹೊಳೀತಿತ್ತು. ಅಷ್ಟೊತ್ತಿಗೆ ಆಂವ ಏನ ಅಂದಿದ್ದ ಅನ್ನೂದ ಅವಗ ಮರತಿರತಿತ್ತು.

ಅದ ಹೊತ್ತಿನ್ಯಾಗ ನಿಂದೂ ರೋಹಿಣಿದೂ ಜಗಳ ಆತು. 'ಮಗನ್ನ ಆರೋಗ್ಯವಂತ ಮಾಡಿ ಕೈಯಾಗ ಕೊಟ್ಟಿದ್ನಿ, ಏನ ತಿನಿಸಿ ಹಿಂಗ ಮಾಡಿಟ್ಟಿ' ಅಂತ ನೀ ಅಂದಿ. ಆಕಿ ಸೆರಗ ಬಾಯಿಗೆ ಹಿಡಕೊಂಡ ನಿಂತ್ಳು. ನಿಮ್ಮಿಬ್ಬರ ನಡುವ ಹಿಂದ ಎಷ್ಟ ಸಲ ಕಿಡಿ ಹಾರಿಲ್ಲ ಹೇಳು, ಪ್ರತಿ ಸಲಾನೂ ನಾ ನಡುವ ಏನರ ಒಂದ ಅಡ್ಡ ಮಾತ ಒಗದು ಇಬ್ಬರನ್ನೂ ನಗಸಿ ಬಿಡತಿದ್ನಿ. ಆವತ್ತ ಬಾಯಾಗ ಒಂದ ಮಾತ ಬರಲಿಲ್ಲ. ಅಗದಿ ಹಿಟ್ಟಿನ ಮುದ್ದಿಗತೆ ಕುಂತಿದ್ನಿ. ನೀ ಚೀಲಾ ತಗೊಂಡ ಹೊಂಟಿ, ನಾ ನೋಡಕೋಂತ ಕುಂತ್ನಿ. ಥೈರಾಯ್ಡ್ ನನ್ನ ಕಡೆಯಿಂದ ಬ್ಯಾರೆ ಏನ ಕಸಗೊಂಡ್ರೂ ನಾ ತಡಕೋತಿದ್ನಿ ಯವ್ವಾ. ಆ ಒಂದ ಮಾತ ಕಸಗೋಬಾರದಿತ್ತು.

ಮಳಿಗಾಲಕ್ಕ ಗುಳಿಗಿ ನೂರರದ್ದ ಆತು. 'ಗುಳಿಗಿ ತಪ್ಪಿಸ್ತೀರೇನು?' ಅಂತ ಡಾಕ್ಟರಬಾಯಿ. 'ಇಲ್ರಿ' ಅಂತ ನಾ. 'ಖಾಲಿ ಹೊಟ್ಟೀಲೆ ತಗೋತೀರಿಲ್ಲ?' 'ಹೌದ್ರಿ.' ಇದ ಮಾತು ಪ್ರತಿ ಸಲ. ಶ್ರಾವಣದಾಗ ಒಂದ ಸೋಮವಾರ ರಗತ ಕೊಡಾಕ ಹೋಗಿದ್ವಿ. 'ಏನರ ತಿಂದೀರೇನು' ಅಂತ ಡಾಕ್ಟರಬಾಯಿ ಕೇಳಿದ್ರು. 'ಇವತ್ತ ಉಪಾಸ್ರಿ, ಗುಳಿಗಿ ಹಾಲು ಬಿಟ್ರ ಏನೂ ಇಲ್ಲ' ಅಂದ್ನಿ. ಅವರು ಬರಿಯೂ ಪೆನ್ನ ಕೆಳಗ ಇಟ್ರು. 'ಗುಳಿಗಿ ಹಾಲಿನ್ಯಾಗ ತಗೋತೀರಿ? ದಿನಾ?' ನಾ 'ನಮ್ಮವ್ವ' ಅಂತ ಬಾಯಿ ತಗದಿದ್ನಿ, ಅಷ್ಟರಾಗ ರೋಹಿಣಿ 'ನಾನ ಕೊಡ್ತೇನ್ರಿ ಬಾಯಾರ, ಉಷ್ಣ ಆಗಬಾರ್ದಂತ ನಾನ ಹಾಲಿನ್ಯಾಗ ಕೊಟ್ಟೇನಿ' ಅಂದ್ಳು. ಹಾಲಿನ್ಯಾಗಿನ ಸುಣ್ಣದಂಶ ಗುಳಿಗಿನ್ನ ಹಿಡಕೊಂಡ ಬಿಡತೈತಂತ, ಮೈಗೆ ಹತ್ತಾಕ ಬಿಡೂದಿಲ್ಲಂತ. 'ದೇವರ ಉಪಾಸಕ್ಕ ಹಾಲು ನಡೀತೈತ್ರಿ, ಗುಳಿಗಿ ಉಪಾಸಕ್ಕ ನಡಿಯೂದಿಲ್ಲ' ಅಂತ ಡಾಕ್ಟರಬಾಯಿ ಆಕಿಗೆ ಚಲೋತಂಗ ಬೈದ್ರು. ಬಾಕಿನ ಮ್ಯಾಲಿನ ಹೆಣಮಕ್ಕಳೆಲ್ಲಾ ಕೇಳಸಗೊಂಡ್ರು. ಆಕಿ ತಲಿ ಬಗ್ಗಿಸಿ ಎಲ್ಲಾ ತಗೊಂಡ್ಳು, ನಿನ್ನ ಹೆಸರ ಹೊರಗ ಬರಾಕ ಬಿಡಲಿಲ್ಲ.

ಗಾಡ್ಯಾಗ ಬರುವಾಗ 'ಅದ್ಯಾಕ ನಿನ್ನ ಮ್ಯಾಲ ಹಾಕ್ಕೊಂಡಿ' ಅಂತ ಕೇಳಿದ್ನಿ. 'ಅತ್ತಿ ಮಗನ ಮ್ಯಾಲಿನ ಮಾಯಾಕ್ಕ ಹೇಳಿದ್ದರಿ. ತನ್ನ ಮಾತಿನಿಂದ ಮಗಗ ಗುಣಾ ಆಗಲಿಲ್ಲ ಅಂತ ತಿಳದ್ರ ಆ ಜೀವ ಉಣ್ಣೂದ ಬಿಡತೈತಿ. ಅವರಿಗೆ ಹೇಳಬ್ಯಾಡ್ರಿ' ಅಂದ್ಳು. ನನ್ನ ಕಡೆಯಿಂದ ಆಣಿ ಮಾಡಿಸಿಕೊಂಡ್ಳು. ಏನ ತಿನಿಸಿ ಮಗನ್ನ ಕೆಡಿಸಿದಿ ಅಂತ ಯಾರು ಆಕಿಗೆ ಅಂದಿದ್ರು, ಅವರ ಸಲವಾಗಿ.

ಆವತ್ತಿನಿಂದ ಪೂಜಿ ಆದ ಮ್ಯಾಲ ಬರೇ ನೀರಿನ್ಯಾಗ ಗುಳಿಗಿ. ಅದಾಗಿ ಒಂದ ತಾಸು ಚಾ ಸೈತ ಮುಟ್ಟಬಾರ್ದು. ಚಾ ಅಂಗಡಿ ಇಟ್ಟಾಂವಗ ಇದೆಂಥಾ ಶಿಕ್ಷಾ ನೋಡು. ಮೊದಲನೇ ಚಾ ಉಕ್ಕತೈತಿ, ಯಾಲಕ್ಕಿ ವಾಸನಿ ಮೂಗಿಗೆ ಬಡೀತೈತಿ, ನಾ ಮಾರಿ ಆ ಕಡೆ ತಿರುವಿಕೊಂಡು ಉಳ್ಳಾಗಡ್ಡಿ ಹೆಚ್ಚತೇನಿ. ರುಚಿ ನೋಡೂ ಕೆಲಸಾ ಮೀರಾಸಾಬಗ ಒಪ್ಪಿಸೇನಿ. ಆಂವ ಕಪ್ ಖಾಲಿ ಆಗೂತನಕಾ ರುಚಿ ನೋಡತಾನ, ಆಮ್ಯಾಲ 'ಸಕ್ಕರಿ ಕಡಿಮಿ ಆಗೇತಿ, ಇನ್ನೊಂದ ಸಲ ನೋಡಬೇಕು' ಅಂತಾನ.

ಆದ್ರ ಯವ್ವಾ, ಬ್ಯಾನಿ ಕತ್ತಲಿ ಸರದಂಗ ಸರೀತು. ಗಣಪತಿ ಹಬ್ಬಕ್ಕ ಸ್ವೆಟರ ಕಳದ್ನಿ, ದನಿ ಹಗರ ಆತು. ಮಹಾನವಮಿ ಹೊತ್ತಿಗೆ ಆಟ ಉಲ್ಟಾ ಹೊಡೀತು. ಹಾಲಿನ ಅಡ್ಡಿ ಹೋತಲ್ಲ, ನೂರರ ಗುಳಿಗಿ ಪೂರಾ ಮೈಗೆ ಹತ್ತಿ ಒಲಿ ಭರ್ರಂತ ಉರಿಯಾಕತ್ತಿತು. ಎದಿ ಡವಡವ, ಮೈಯೆಲ್ಲಾ ಬೆವರು, ಕೈ ನಡಗಿ ಹಿಟ್ಟು ಮೆಣಸಿನಕಾಯಿಗೆ ಹತ್ತಿದ್ದಕ್ಕಿಂತಾ ಅಂಗಿಗೆ ಹತ್ತಿದ್ದ ಹೆಚ್ಚು. 'ಮೊದ್ಲ ಗೂಡ್ಸ್ ಗಾಡಿ ಇದ್ದಿ, ಈಗ ಎಕ್ಸ್‌ಪ್ರೆಸ್ ಆಗೀದಿ, ಗುಡಗೇರ್ಯಾಗ ನಿಂದ್ರೂದ ಬಿಟ್ಟಿ' ಅಂದ ಮೀರಾಸಾಬ. ನಾ ಅಂಜಿ ಗುಳಿಗೀನ ಬಿಡ್ತೇನಿ ಅಂದ್ನಿ. ರೋಹಿಣಿ ಕೇಳಲಿಲ್ಲ. 'ನಮ್ಮ ಮನಸಿಗೆ ಬಂದಂಗ ಮಾಡಿ ಒಂದ ಸಲ ಕೆಟ್ಟೇವಿ, ಇನ್ನ ಡಾಕ್ಟರಬಾಯಾರ್ನ ಕೇಳದ ಏನೂ ಮಾಡೂದಿಲ್ಲ' ಅಂತ ಅವತ್ತ ಕುಂದಗೋಳಕ್ಕ ಕರ್ಕೊಂಡ ಹೋದ್ಳು. ಅವರು ತಪಾಸ ಮಾಡಿ ಗುಳಿಗಿ ಎಪ್ಪತ್ತೈದಕ್ಕ ಇಳಿಸಿದ್ರು. ಒಂದ ತಿಂಗಳ ಬಿಟ್ಟು ತಿರುಗಿ ರಗತ ಕೊಟ್ವಿ, ಅದರ ರಿಪೋರ್ಟ ನಿನ್ನಿ ಬಂದದ್ದು.

ಆಣಿ ಮುರದ ನಿನಗ ಯಾಕ ಬರದೇನಂದ್ರ, ನಾ ಬರೀದಿದ್ರ ನೀ ಆಕಿನ್ನ ಇನ್ನೂ ಹಂಗ ತಿಳಕೊಂಡ ಕುಂತಿರ್ತಿ. ನೀ ಮನಸಿಗೆ ಹಚಗೋಬ್ಯಾಡ. ನೀ ಕೊಡಿಸಿದ್ದು ಹಾಲು, ವಿಷ ಅಲ್ಲ. ನಿನ್ನ ಹಟಾ ಇಲ್ಲದಿದ್ರ ಈ ಬ್ಯಾನಿ ಐತಿ ಅನ್ನೂದ ನನಗ ಇವತ್ತಿಗೂ ಗೊತ್ತಾಗತಿರಲಿಲ್ಲ, ಮತ್ತ ಆಕಿ ಹಟಾ ಇಲ್ಲದಿದ್ರ ಗುಣಾ ಆಗತಿರಲಿಲ್ಲ. ಇಬ್ಬರ ಹಟದ ನಡುವ ನಾ ಉಳಕೊಂಡೇನಿ. ಎಂಥಾ ಪುಣ್ಯಾ ಮಾಡಿದ್ನೋ ಏನೋ, ಮಿರ್ಚಿ ಕರದಂತೂ ಇಷ್ಟ ಪುಣ್ಯಾ ಬರೂದಿಲ್ಲ. ಹಾಲೂ ಬಿಟ್ಟಿಲ್ಲ, ಸಂಜೀಕ ಕುಡೀತೇನಿ, ಡಾಕ್ಟರಬಾಯಿ ಬ್ಯಾಡಂದಿಲ್ಲ. ಚಂದ್ರಿ ಆರಾಮ ಐತಿ. ಹಿಂಡಾಕ ಕುಂತ್ರ ನನಗ ಒದಿತೈತಿ, ರೋಹಿಣಿಗೆ ಒದಿಯೂದಿಲ್ಲ.

ಅಣ್ಣಗ, ವೈನಿಗೆ ನನ್ನ ಶರಣು ಮುಟ್ಟಸು. ಹೊಟ್ಟಿತುಂಬ ಉಣ್ಣು. ಈ ಪತ್ರ ಓದಿ ಊಟಾ ಬಿಟ್ಟೀ ಅಂದ್ರ ಆಕಿ ಮಾತ ಖರೆ ಆಗತೈತಿ, ನಾ ಸೋಲತೇನಿ. ನಿನ್ನ ಕೈ ನನ್ನ ತಲಿ ಮ್ಯಾಲ ಯಾವಾಗ್ಲೂ ಇರ್ಲಿ.

ನಿನ್ನ ಮಗ,
ಕುಬೇರಪ್ಪ

ತಾ.ಕ.: ಟಪಾಲಿಗೆ ಹಾಕಬೇಕಂತ ಲಕೋಟಿ ಅಂಟಸಾಕ ಅನ್ನದ ಅಗಳ ಹುಡುಕೂದ್ರಾಗ ರೋಹಿಣಿ ಬಂದ್ಳು. 'ಅತ್ತಿಗೆ ಬರದೀರೇನ್ರಿ? ಟಪಾಲ ಯಾಕ, ಕೊಡ್ರಿ, ನಾನ ಒಯ್ತೇನಿ' ಅಂದ್ಳು. ನಾ ಹೇಳಿಲ್ಲ ಯವ್ವಾ, ಆಕೀನ ಅಂದದ್ದು. ಸೀರಿ ಉಟಗೊಂಡ ತಯಾರ ಆಗಿ ನಿಂತಾಳ, ಹುಬ್ಬಳ್ಳಿ ಗಾಡಿ ಬರೂ ಹೊತ್ತಾತು. ಒಳಗ ಏನ ಬರದೀರಿ ಅಂದ್ಳು, ಅಂಗಡಿ ಸುದ್ದಿ ಅಂದೇನಿ. ಬಾಗಲದಾಗ ನಿಂದರಸಬ್ಯಾಡ, ಮೊದ್ಲ ನೀರ ಕೊಡು. ಇನ್ನೊಂದು, ನಿನಗ ಪತ್ರ ಅಂದ್ರ ಓಣಿಗೆಲ್ಲಾ ಕೇಳೂಹಂಗ ಗಟ್ಟಿ ಓದೂ ರೂಢಿ ಐತಿ. ಇದನ್ನ ಮನಸಿನ್ಯಾಗ ಓದು, ಹಾಲಿನ ಮಾತು ಬರದೇನಂತ ಆಕಿಗೆ ಗೊತ್ತಾಗಬಾರ್ದು. ಅಯ್ಯ, ಇದನ್ನ ಮ್ಯಾಲ ಬರೀಬೇಕಿತ್ತು. ಇಷ್ಟೊತ್ತಿಗೆ ನೀ ಎಲ್ಲಾ ಓದಿ ಮುಗಿಸಿರ್ತಿ, ಆಕಿ ಬಾಜೂಕ ಕುಂತು ಎಲ್ಲಾ ಕೇಳಿರ್ತಾಳ. ಮತ್ತ ಬರಿಯಾಕ ಹಾಳಿ ಇಲ್ಲ, ಗಾಡಿ ಸೀಟಿ ಹೊಡೀತು. ಇರ್ಲಿ, ಕೇಳಿದ್ರ ಕೇಳ್ಲಿ ಬಿಡು. ನಾಳಿ ಸಂಜೀ ಗಾಡಿಗೆ ನಾ ಸ್ಟೇಶನ್ನಿಗೆ ಬಂದ ನಿಂದರ್ತೇನಿ. ಆಕಿನ್ನ ಒಬ್ಬಾಕಿನ್ನ ಕಳಸಬ್ಯಾಡ, ಆವತ್ತ ಒಯ್ದ ಚೀಲಾ ತಗೊಂಡ ನೀನೂ ಬಾ.