ಅವನಿಗೆ ಯಾವ ಭಯವೂ ಇಲ್ಲವೆಂದು ನಾವೇ ಹೇಳಿದೆವು

ಆಶ್ರಯ ಅರ್ಜಿಗಳ ಖಾತೆಯ ಮಾನ್ಯ ಸಚಿವರೇ,

ಕ್ಷೇಮವೇ? ನಿಮ್ಮ ಮನೆಯವರ ಹೆಸರು ಒಂದೂ ಗೊತ್ತಿಲ್ಲದ್ದರಿಂದ ಒಬ್ಬೊಬ್ಬರನ್ನಾಗಿ ವಿಚಾರಿಸುವ ಭಾಗ್ಯ ನನಗಿಲ್ಲ, ಎಲ್ಲರೂ ಚೆನ್ನಾಗಿರಲಿ. ಡಬ್ಲಿನ್‌ನಿಂದ ದೂರದ ಕರಾವಳಿಯ ನಮ್ಮ ಡ್ರಿಮ್ಮೋರಿನಲ್ಲಿ ಅಂಗಡಿಯ ಬ್ರೀಜ್‌ಗೆ ಮಂಡಿನೋವು ಹಾಗೇ ಇದೆ, ಪಾದ್ರಿಗಳ ಕೆಮ್ಮು ಇಳಿದಿದೆ, ಪಕ್ಕದ ಮನೆಯ ಕೋಲ್ಮನ್ ಸರಿಯಾಗಿ ಉಣ್ಣುತ್ತಿಲ್ಲ, ಸಬೇಲೊ ನಿದ್ದೆ ಮಾಡುತ್ತಿಲ್ಲ. ಕೊನೆಯ ಎರಡು ಕಾಯಿಲೆಗಳ ಔಷಧಿ ನಿಮ್ಮ ಬಳಿ ಇದೆ. ಸಬೇಲೊನನ್ನು ಈ ತಿಂಗಳು ಮುಗಿಯುವುದರೊಳಗೆ ವಿಮಾನ ಹತ್ತಿಸಿ ಅವನ ದೇಶಕ್ಕೆ ವಾಪಸು ಕಳಿಸುವುದಾಗಿ ನಿಮ್ಮ ಇಲಾಖೆ ತಿಳಿಸಿದೆ. ಆಶ್ರಯದ ಅರ್ಜಿಯಲ್ಲಿ ಅವನು ಸೋತದ್ದು ತನ್ನ ಮಾತಿನಿಂದಲ್ಲ, ನಮ್ಮೂರಿನ ಮಾತಿನಿಂದ. ಇದನ್ನು ನಿಮಗೆ ನೇರವಾಗಿಯೂ ಬರೆದಿದ್ದೆ. ‘ನಿಮ್ಮ ಪತ್ರ ತಲುಪಿದೆ’ ಎಂಬ ಒಂದು ಸಾಲು ಬಂತು. ತಲುಪಿದ್ದರ ಬಗ್ಗೆ ನನಗೆ ಅನುಮಾನವಿರಲಿಲ್ಲ, ಓದಿದ್ದರ ಬಗ್ಗೆ ಇದೆ. ಹಾಗಾಗಿ ಈ ಸಲ ಪತ್ರಿಕೆಯ ಮೂಲಕ.

ಸಬೇಲೊ ಎಂಬುದು ಅವನ ನಿಜವಾದ ಹೆಸರಲ್ಲ. ಅವನ ದೇಶ ಯಾವುದೆಂದೂ ಬರೆಯುವುದಿಲ್ಲ. ಅವನ ತಾಯಿ ಇನ್ನೂ ಅಲ್ಲೇ ಇದ್ದಾಳೆ. ಆಫ್ರಿಕಾದ ದನಗಾಹಿಗಳ ನಾಡು ಎಂದಷ್ಟು ತಿಳಿದರೆ ಸಾಕು.

ಕಳೆದ ವಾರ ರೇಡಿಯೋದಲ್ಲಿ ತಾವು, ಅರ್ಜಿಗಳು ಮೂರರಲ್ಲೊಂದು ಭಾಗ ಇಳಿದಿವೆ ಎಂದು ಸಾರಿದಿರಿ. ದನಿಯಲ್ಲಿ ಜ್ವರ ಬಿಟ್ಟವರ ಗೆಲುವಿತ್ತು. ಆಗ ನಾನು ಬ್ರೀಜ್‌ಳ ಅಂಗಡಿಯಲ್ಲಿದ್ದೆ.

‘ಕೇಳಿದ್ರಾ, ಇಳೀತಂತೆ!’ ಎಂದ ಬ್ರೆಡ್ಡಿನ ವ್ಯಾನಿನವನು, ನಮ್ಮ ಜಿಲ್ಲೆಯ ತಂಡ ಕಪ್ ಗೆದ್ದ ಹಾಗೆ.

‘ಏನಪ್ಪಾ ಇಳಿದದ್ದು, ನಿನ್ನ ಹೊಟ್ಟೆಯಾ?’ ಎಂದಳು ಬ್ರೀಜ್. ‘ಇಲ್ಲಿಂದ ಹೋಗ್ತಿರೋದು ನಮ್ಮ ಸಬೇಲೊ. ನಾಳೆ ನನ್ನ ಹಿಟ್ಟಿನ ಮೂಟೆ ಎತ್ತೋಕೆ ನೀನು ಬರ್ತೀಯಾ?’

ಅವನು ಬ್ರೆಡ್ ಇಟ್ಟು ಹೊರಟುಹೋದ. ನನ್ನದೂ ಒಂದು ಸಣ್ಣ ಪ್ರಶ್ನೆ, ಸ್ವಾಮಿ: ಅರ್ಜಿಗಳು ಇಳಿದವಲ್ಲ, ಅವನ್ನು ಬರೆಸುವ ಭಯವೂ ಅಷ್ಟೇ ಇಳಿಯಿತೇ? ಯಾರಿಗಾದರೂ ಫೋನು ಮಾಡಿ ವಿಚಾರಿಸಿದಿರಾ? ಬಾಗಿಲು ಮುಚ್ಚಿಕೊಂಡು ಕೂತರೆ ಬಾಗಿಲು ತಟ್ಟುವವರು ಕಡಿಮೆಯಾಗಿದ್ದಾರೆಂದು ಅನಿಸುವುದು ಸಹಜವೇ.

ನಮ್ಮೂರು ಸಾಧುಗಳ ಊರೇನಲ್ಲ. ಅಂಕಿಗಳು ಏರುತ್ತಿದ್ದಾಗ ನಮ್ಮ ಮುಚ್ಚಿದ ಪ್ರವಾಸಿ ಹೋಟೆಲಿನಲ್ಲಿ ತಾವು ಆಶ್ರಯ ಕೇಳಿ ಬಂದವರನ್ನು ಇಳಿಸಿದಿರಿ. ಊರಿಗೆ ಒಂದು ಮಾತು ಹೇಳಲಿಲ್ಲ. ಅವರು ಇಲ್ಲಿ ಬೇಡವೆಂದು ಗೇಟಿನೆದುರು ಡ್ರಮ್ಮಿನಲ್ಲಿ ಬೆಂಕಿ ಹಾಕಿಕೊಂಡು ಊರ ಜನ ನಿಂತರು. ಎಲ್ಲರಿಗಿಂತ ಮುಂದೆ ನಿಂತವನು ಕೋಲ್ಮನ್. ಆ ಚಳಿಗಾಲದಲ್ಲೇ ಅವನ ತಮ್ಮ ತೀರಿಕೊಂಡ. ನಮ್ಮಲ್ಲಿ ಗುಂಡಿ ತೋಡುವುದು ಕೂಲಿಯವರಲ್ಲ, ನೆರೆಯವರು. ಅದನ್ನು ದುಡ್ಡು ಕೊಟ್ಟು ಮಾಡಿಸುವುದೆಂದರೆ ಸತ್ತವನಿಗೆ ಯಾರೂ ಇರಲಿಲ್ಲವೆಂದು ಸಾರಿದ ಹಾಗೆ. ಆದರೆ ಗುದ್ದಲಿ ಹಿಡಿಯಬಲ್ಲ ಹರೆಯದ ತೋಳುಗಳೆಲ್ಲ ಕೆಲಸ ಹುಡುಕಿಕೊಂಡು ಸಿಡ್ನಿಗೆ ಹೋಗಿದ್ದವು. ನಾವು ಮುದುಕರು ಹೆಪ್ಪುಗಟ್ಟಿದ ನೆಲವನ್ನು ಕೆರೆಯುತ್ತಿದ್ದಾಗ, ಹೋಟೆಲಿನ ಕಡೆಯಿಂದ ಒಬ್ಬ ಬಂದ. ಯಾರನ್ನೂ ಕೇಳದೆ ಗುಂಡಿಗೆ ಇಳಿದ. ಅವನೇ ಸಬೇಲೊ. ಕೆಲಸ ಮುಗಿದ ಮೇಲೆ ಕೋಲ್ಮನ್ ತನ್ನ ವಿಸ್ಕಿಯ ಶೀಶೆಯನ್ನು ಅವನ ಕೈಗಿಟ್ಟ. ಮತ್ತೆಂದೂ ಆ ಗೇಟಿನ ಬಳಿ ಹೋಗಲಿಲ್ಲ.

ಅಂದಿನಿಂದ ಅವನು ನಮ್ಮವನಾದ. ಚಹಾಕ್ಕೆ ಎಷ್ಟು ಸಕ್ಕರೆ ಬೇಕು, ಯಾವ ಕುರಿ ಅವನ ಮಾತು ಕೇಳುತ್ತದೆ, ಎಲ್ಲ ನಮಗೆ ಗೊತ್ತು. ಊರು ಯಾಕೆ ಬಿಟ್ಟೆ ಎಂದು ಮಾತ್ರ ಯಾರೂ ಕೇಳಲಿಲ್ಲ. ನಮ್ಮ ಕರಾವಳಿಯಲ್ಲಿ ಹಾಗೆ ಕೇಳುವುದಿಲ್ಲ. ಮನುಷ್ಯನ ಸಂಕಟ ಅವನ ಸ್ವಂತದ್ದು. ತಾನಾಗಿ ಹೇಳಿದರೆ ಕೇಳಬೇಕು, ಇಲ್ಲದಿದ್ದರೆ ಮಳೆಯ ವಿಷಯ ಮಾತಾಡಬೇಕು. ಅದನ್ನೇ ನಾವು ಮರ್ಯಾದೆ ಎಂದುಕೊಂಡು ಬಂದಿದ್ದೇವೆ.

ಅವನ ಅರ್ಜಿ ತಿರಸ್ಕೃತವಾಗಿ ಮೇಲ್ಮನವಿ ಹೋಯಿತು. ಊರಿನವರೊಬ್ಬರು ಬಂದು ಸಾಕ್ಷಿ ಹೇಳಿದರೆ ಒಳ್ಳೆಯದು ಎಂದರು ವಕೀಲರು. ಕೋಲ್ಮನ್ ಸಾವಿನ ಮನೆಗೆ ಹೋಗುವ ಸೂಟು ಹಾಕಿಕೊಂಡ. ಸಬೇಲೊನೂ ಸೇರಿ ನಾವು ಮೂವರೂ ವಿಚಾರಣೆಗೆ ಡಬ್ಲಿನ್‌ಗೆ ಹೋದೆವು. ನನ್ನನ್ನು ಹೊರಗೆ ಕೂರಿಸಿದರು. ಹಿಂದಿರುಗುವ ರೈಲಿನಲ್ಲಿ ಹೇಗಾಯಿತು ಎಂದು ಕೇಳಿದೆ.

‘ಗೆದ್ದ ಹಾಗೇ ಅಂದ್ಕೋ ಡೆಲಿಯಾ!’ ಎಂದ ಕೋಲ್ಮನ್. ‘ಇವನು ಹೆದರ್ಕೊಂಡಿರೋ ಹಾಗೆ ಕಾಣ್ತಾನಾ ಅಂತ ಕೇಳ್ದ ಆ ಕನ್ನಡಕದವನು. ಹೆದರ್ಕೆನಾ? ಇವನಿಗಾ? ಬಿರುಗಾಳೀಲಿ ಸೊಂಟಕ್ಕೆ ಹಗ್ಗ ಕಟ್ಕೊಂಡು ಬಂಡೆ ಇಳಿದು ನನ್ನ ಕುರಿ ಎತ್ಕೊಂಡ್ ಬಂದೋನು ಸ್ವಾಮಿ, ದೆವ್ವ ಬಂದ್ರೂ ಕೂತ್ಕೋ ಅಂತಾನೆ ಅಂದೆ. ಮನೆಯವರ ಸುದ್ದಿ ಏನು ಅಂದ. ಪ್ರತಿ ಭಾನುವಾರ ಅಮ್ಮನಿಗೆ ಫೋನ್ ಮಾಡಿ ನಗ್ತಿರ್ತಾನೆ, ಎಲ್ಲ ಸುಖವಾಗಿದ್ದಾರೆ ಅಂದೆ. ಒಂದಿನಾನೂ ಮುಖ ಸಣ್ಣ ಮಾಡಿಲ್ಲ ಅಂದೆ. ಇನ್ನೇನ್ ಬೇಕು ಅವರಿಗೆ?’

‘ತುಂಬಾ ಥ್ಯಾಂಕ್ಸ್ ಕೋಲ್ಮನ್,’ ಎಂದ ಸಬೇಲೊ. ಮತ್ತೆ ಕಿಟಕಿಯತ್ತ ತಿರುಗಿ ಕೂತ.

‘ನೋಡೇ, ಆಗಲೇ ದೊಡ್ಡ ಮನುಷ್ಯ ಆಗ್ಬಿಟ್ಟ. ಮಾತೇ ಇಲ್ಲ!’

ಮಾನ್ಯರೇ, ನಮ್ಮೂರಿನಲ್ಲಿ ಒಬ್ಬನನ್ನು ಹೊಗಳುವುದೆಂದರೆ ಹೀಗೆಯೇ. ಹೆಣ್ಣು ಕೇಳುವಾಗಲೂ ಕೆಲಸ ಕೊಡಿಸುವಾಗಲೂ ಇದನ್ನೇ ಹೇಳುತ್ತೇವೆ: ಧೈರ್ಯವಂತ, ನಗುಮುಖದವನು, ತನ್ನ ಕಷ್ಟವನ್ನು ಯಾರ ತಲೆಗೂ ಕಟ್ಟದವನು. ಕೋಲ್ಮನ್ ತನ್ನ ಹತ್ತಿರವಿದ್ದ ಅತ್ಯುತ್ತಮವಾದದ್ದನ್ನೇ ತಂದು ನಿಮ್ಮವರ ಮುಂದಿಟ್ಟ. ತೀರ್ಪು ಅದನ್ನು ಗೌರವದಿಂದ ಸ್ವೀಕರಿಸಿತು: ‘ಅರ್ಜಿದಾರರನ್ನು ನಿಕಟವಾಗಿ ಬಲ್ಲ ಸಾಕ್ಷಿಯ ವಿಶ್ವಾಸಾರ್ಹ ಹೇಳಿಕೆಯಂತೆ, ಅವರಲ್ಲಿ ಯಾವುದೇ ಭಯ ಕಂಡುಬರುವುದಿಲ್ಲ.’ ರಸ್ತೆ ಕೊಚ್ಚಿಹೋಗಿದೆ ಎಂದಾಗ ನಂಬದ ಸರ್ಕಾರ, ಆಸ್ಪತ್ರೆ ದೂರ ಎಂದಾಗ ನಂಬದ ಸರ್ಕಾರ, ಜೀವನದಲ್ಲಿ ಮೊದಲ ಸಲ ಕೋಲ್ಮನ್‌ನ ಮಾತನ್ನು ಅಕ್ಷರಶಃ ನಂಬಿತು.

ತೀರ್ಪು ಬಂದ ದಿನ ನನ್ನ ಅಡುಗೆಮನೆಯಲ್ಲಿ ಕೋಲ್ಮನ್ ಕೊನೆಗೂ ಕೇಳಿದ. ‘ಲೋ, ನೀನು ಯಾಕೋ ಓಡಿ ಬಂದೆ?’

‘ಅಣ್ಣನೂ ನಾನೂ ಸರ್ಕಾರದ ವಿರುದ್ಧದ ಮೆರವಣಿಗೆಯಲ್ಲಿದ್ವಿ. ಮನೆಗೆ ಒಂದು ಕಾರು ಬಂತು. ಅಣ್ಣ ಕೊಟ್ಟಿಗೇಲಿದ್ದ, ಸಿಕ್ಕಿಬಿದ್ದ. ನಾನು ದನದ ಜೊತೆ ಗುಡ್ಡದ ಮೇಲಿದ್ದೆ.’

‘ಆಮೇಲೆ?’

‘ಆಮೇಲೆ ಅಣ್ಣ ಇಲ್ಲ. ಆ ಕಾರು ಈಗಲೂ ಬರುತ್ತೆ. ನಾನೆಲ್ಲಿ ಅಂತ ಅಮ್ಮನ್ನ ಕೇಳ್ತಾರೆ.’

‘ಮತ್ತೆ ಫೋನಲ್ಲಿ ಹಾಗೆ ನಗ್ತೀಯಲ್ಲೋ!’

‘ಅಮ್ಮ ಅಳಬಾರದು ಅಂತ ನಾನು ನಗ್ತೀನಿ. ನಾನು ಅಳಬಾರದು ಅಂತ ಅವಳು ನಗ್ತಾಳೆ.’

‘ಅಲ್ಲಿ ನನ್ನ ಬಾಯಿ ಮುಚ್ಚಿಸೋದಲ್ವೇನೋ, ಕತ್ತೆ!’

‘ನೀವು ಅಷ್ಟು ಪ್ರೀತಿಯಿಂದ ಹೇಳ್ತಿದ್ರಿ, ಕೋಲ್ಮನ್.’

ಕೋಲ್ಮನ್ ಟೋಪಿ ತೆಗೆದುಕೊಂಡು ಎದ್ದುಹೋದ. ಬಾಗಿಲು ಹಾಕುವುದನ್ನೂ ಮರೆತ.

ಆಮೇಲೆ ನಾವು ತಟ್ಟದ ಬಾಗಿಲಿಲ್ಲ. ಹೇಳಿದ್ದು ಸುಳ್ಳಲ್ಲ, ಆದರೆ ನಿಜವೂ ಅಲ್ಲ ಎಂದು ಸಾಕ್ಷಿಯವನು ಮತ್ತೆ ಬಂದು ಹೇಳುವುದಕ್ಕೆ ನಿಯಮದಲ್ಲಿ ಜಾಗವಿಲ್ಲ ಎಂದರು ವಕೀಲರು. ನಮ್ಮ ಸಂಸದರು ಹೆಗಲು ತಟ್ಟಿ, ‘ಅಂಕಿಗಳು ಈಗಷ್ಟೇ ಹಾದಿಗೆ ಬರ್ತಿವೆ ಡೆಲಿಯಾ, ಈಗ ಈ ಮಾತು ಬೇಡ’ ಎಂದರು. ಇಡೀ ಊರು ಸಹಿ ಹಾಕಿ ನಿಮಗೆ ಮನವಿ ಕಳಿಸಿತು. ಗೇಟಿನೆದುರು ನಿಂತವರೂ ಹಾಕಿದರು. ಜನರ ಭಾವನೆಗಳು ಪರಿಗಣನೆಗೆ ಬರುವುದಿಲ್ಲ ಎಂದು ಉತ್ತರ ಬಂತು. ಹೌದೇ? ಇದೇ ಜನ ಗೇಟಿನಲ್ಲಿ ಕೂಗಿದಾಗ ಅದು ಜನಾಭಿಪ್ರಾಯವಾಗಿತ್ತು. ಅದನ್ನು ಕೇಳಿ ತಾವು ನೀತಿಯನ್ನೇ ಬದಲಿಸಿದಿರಿ. ಈಗ ಅದೇ ಕೈಗಳು ಸಹಿ ಹಾಕಿದರೆ ಅದು ಬರೀ ಭಾವನೆಯೇ? ನಮ್ಮ ಸಿಟ್ಟಿಗಿದ್ದ ಬೆಲೆ ನಮ್ಮ ಪಶ್ಚಾತ್ತಾಪಕ್ಕೆ ಯಾಕಿಲ್ಲ, ದಯವಿಟ್ಟು ತಿಳಿಸಿ.

ನನ್ನ ಬೇಡಿಕೆ ದೊಡ್ಡದಲ್ಲ. ಕೋಲ್ಮನ್‌ನನ್ನು ಇನ್ನೊಮ್ಮೆ ಕರೆಸಿ ಕೇಳಿ. ಅಲ್ಲಿಯವರೆಗೆ ಸಬೇಲೊನನ್ನು ಕಳಿಸಬೇಡಿ. ನೀವು ಮಾಡಲಾರಿರೆಂದು ನನಗೆ ಹೆಚ್ಚುಕಡಿಮೆ ಗೊತ್ತು; ಬೇರೆ ಯಾರಿಗೆ ಬರೆಯಬೇಕೆಂದು ಗೊತ್ತಿಲ್ಲ. ಅದೂ ಆಗದಿದ್ದರೆ, ಅವನನ್ನು ವಿಮಾನಕ್ಕೆ ಕರೆದೊಯ್ಯುವ ನಿಮ್ಮ ಸಿಬ್ಬಂದಿಗೆ ಒಂದು ಮಾತು ಹೇಳಿಡಿ. ಅವನು ದಾರಿಯುದ್ದಕ್ಕೂ ನಗುತ್ತಾನೆ, ಅವರ ಮಕ್ಕಳ ಬಗ್ಗೆ ವಿಚಾರಿಸುತ್ತಾನೆ, ಚೀಲ ಎತ್ತಲು ಕೈ ಹಾಕುತ್ತಾನೆ. ಅದನ್ನು ನಂಬಬಾರದು.

ತಿಂಗಳು ಮುಗಿಯುತ್ತಿದೆ. ಬೇಗ ಬರೆಯಿರಿ.

ಇಂತಿ,
ಕೇಳದೇ ಇರುವುದನ್ನೇ ಮರ್ಯಾದೆ ಎಂದು ನಂಬಿದ ಊರಿನ,
ಡೆಲಿಯಾ