ಇಬ್ಬರಿಗೂ ಒಂದೇ ಪುಸ್ತಕ

ಡೆಕೋರಾ, ಅಯೋವಾ
ಮಂಗಳವಾರ

ಮುದ್ದು ಮಾರಿಟ್,

ನೀನು ಕಳಿಸಿದ ಹಳೆಯ ರಷ್ಯನ್ ಕಾದಂಬರಿಯನ್ನು ಅರ್ಧ ಓದಿದ್ದೇನೆ. ಹಳೆಯದನ್ನೆಲ್ಲ ಸುಟ್ಟರೇನೇ ಹೊಸ ಲೋಕ ಎನ್ನುವ ಕ್ರಾಂತಿಕಾರಿ ಹುಡುಗರು ಬರುವ ಪುಟದಂಚಿನಲ್ಲಿ ‘ಡೆಲ್ಮರನ ಪಕ್ಷ’ ಎಂದು ಬರೆದೆ.

ನನ್ನ ತಮ್ಮ ಡೆಲ್ಮರನಿಗೂ ನೀನು ಅದನ್ನೇ ಕಳಿಸಿದ್ದು ಗೊತ್ತಿರಲಿಲ್ಲ. ಚುನಾವಣೆಯ ಜಗಳವಾದ ಮೇಲೆ ನಾಲ್ಕು ವರ್ಷ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲವಲ್ಲ. ಭಾನುವಾರ ಚರ್ಚು ಮುಗಿಸಿಕೊಂಡು ಡೆಲ್ಮರ್ ನೇರವಾಗಿ ನನ್ನ ಜಗಲಿಗೆ ಬಂದು ಪುಸ್ತಕ ತೆರೆದು ಹಿಡಿದ.

“ನಿಮ್ಮವರ ಬಗ್ಗೆ ನೂರೈವತ್ತು ವರ್ಷದ ಹಿಂದೇನೇ ಬರ್ದಿಟ್ಟಿದಾರೆ, ನೋಡಣ್ಣ.”

ಅದೇ ಪುಟ. ಅಂಚಿನಲ್ಲಿ ಅವನು ಬರೆದ ನನ್ನ ಹೆಸರಿತ್ತು. ಒಳಗೆ ಹೋಗಿ ನನ್ನ ಪ್ರತಿ ತಂದು ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ.

“ನಿನ್ನ ಅಕ್ಷರ ಇನ್ನೂ ಕಾಗೆ ಕಾಲು ಗುಬ್ಬಿ ಕಾಲೇ,” ಎಂದ.

ನಕ್ಕು ನಕ್ಕು ನನಗೆ ಕೆಮ್ಮು ಹತ್ತಿತು. ಅವನೇ ಬೆನ್ನು ತಟ್ಟಿದ.

ಯಾರ ಮತವೂ ಬದಲಾಗಿಲ್ಲ, ಆ ಆಸೆ ಬೇಡ. ಉಳಿದರ್ಧವನ್ನು ಗುರುವಾರ ಗುರುವಾರ ಒಟ್ಟಿಗೆ ಓದಬೇಕೆಂದಿದ್ದೇವೆ. ಅದರಲ್ಲಿ ಒಬ್ಬೊಬ್ಬನಿಗೆ ಮೂರು ಮೂರು ಹೆಸರು. ಯಾರು ಯಾರ ಮಗನೆಂದು ಒಂದು ಪಟ್ಟಿ ಮಾಡಿ ಕಳಿಸು.

ಡೆಲ್ಮರನ ಹೆಂಡತಿ ನಿನ್ನೆ ಸೇಬಿನ ಪೈ ಕಳಿಸಿದ್ದಳು. ತಟ್ಟೆ ತೊಳೆದಿಟ್ಟಿದ್ದೇನೆ. ನಾಳೆ ನಾನೇ ಅವರ ಮನೆಗೆ ಹೋಗಿ ಕೊಟ್ಟು ಬರುತ್ತೇನೆ.

ನಿನ್ನ ಸೋದರಮಾವ,
ವರ್ಲಿನ್