ಉಳಿದೊಂದು ಕಿಡ್ನಿ

ಮಹಾಶೂರ ಅಣ್ಣನಿಗೆ,

ಅಮ್ಮನಿಗೆ ಕಿಡ್ನಿ ಕೊಡುತ್ತೇನೆಂದು ಎದೆ ತಟ್ಟಿಕೊಂಡು, ಆಪರೇಷನ್ನಿನ ಹಿಂದಿನ ದಿನ ಓಡಿಹೋದವನು ನೀನು. ಕಾಗದ ಹಾಕಲು ವಿಳಾಸವೂ ಇಲ್ಲ. ಕೊನೆಗೆ ಕೊಟ್ಟವಳು ನಾನು.

ಇವತ್ತು ನನ್ನ ಸ್ಕ್ಯಾನ್, ರಕ್ತದ ರಿಪೋರ್ಟ್ ನೋಡಿ ಡಾಕ್ಟರು ನಕ್ಕರು. "ಉಳಿದಿರೋ ಕಿಡ್ನಿ ದೊಡ್ಡದಾಗಿದೆ ನೋಡಮ್ಮ. ಹೋಗಿದ್ದರ ಕೆಲಸಾನೂ ಅದೇ ಮಾಡ್ತಿದೆ. ರಕ್ತದಲ್ಲಿ ನೀರು, ಉಪ್ಪು ಎಲ್ಲಾ ಸರಿಯಾಗಿದೆ."

ಪಕ್ಕದಲ್ಲಿದ್ದ ಅಮ್ಮ ನಿಟ್ಟುಸಿರಿಟ್ಟಳು. "ಇಷ್ಟೇ ಅಂತ ಗೊತ್ತಿದ್ದಿದ್ರೆ ಅವನು ಹೆದರ್ತಿರಲಿಲ್ಲ, ಪಾಪ."

ಪಾಪವಂತೆ! ನನ್ನ ಕಿಡ್ನಿ ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಪರ ವಕಾಲತ್ತು.

ಮನೆಯಲ್ಲೂ ನಿನ್ನ ಪಾಲಿನ ಕೆಲಸ ನನ್ನದೇ. ನೀನಿಲ್ಲವೆಂದು ಏನೂ ನಿಂತಿಲ್ಲ, ತಿಳಿದಿರಲಿ. ಗೇಟಿನ ಸದ್ದಾದರೆ ಮಾತ್ರ ಅಮ್ಮ ಕತ್ತು ತಿರುಗಿಸುತ್ತಾಳೆ.

ಎದ್ದು ಓಡಿಹೋಗಿ ನೋಡುವವಳು ನಾನು.